ಹೊರೆಕಲ್ಲು ಮತ್ತು ನನ್ನ ಎರಡು ಸಿಂಹ

ಕೋಡಿಂಬಾಳದ ಆಚೆ, ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಹೋಟೆಲು. ಅಂಗಳದ ಮೂಲೆಯಲ್ಲಿ ಒಂದು ಹೊರೆಕಲ್ಲು: ಎರಡು ಕಂಬ, ಮೇಲೆ ಅಡ್ಡಕ್ಕೆ ಚಪ್ಪಡಿ, ಹೆಗಲೆತ್ತರ. ತಲೆಹೊರೆಯವರು ದಣಿವಾರಿಸಿಕೊಳ್ಳಲೆಂದು ಹಿಂದೆ ಯಾರೋ ನೆಟ್ಟದ್ದು. ಶಾಲೆ ಬಿಟ್ಟ ಮೇಲೆ ಅಕ್ಕಿಮೂಟೆ ಹೊತ್ತು ನಾನೂ ಈ ದಾರಿಯಲ್ಲಿ ನಡೆದವನು. "ಸ್ವಲ್ಪ ಕೈ ಕೊಡಿ" ಎಂದು ಯಾರ ಮುಂದೆಯೂ ಹಲ್ಲು ಗಿಂಜದೆ ಮೂಟೆ ಇಳಿಸಿ, ಮತ್ತೆ ನಾನೇ ಹೊತ್ತುಕೊಳ್ಳಬಹುದಿತ್ತು. ಅದಕ್ಕೇ ಆ ಕಲ್ಲಿನ ಮೇಲೆ ನನಗೆ ಅಷ್ಟು ಅಭಿಮಾನ.

ಈಗಿನ ಯಾತ್ರಿಕರು ಅದಕ್ಕೆ ಕುಂಕುಮ ಹಚ್ಚಿ ಕೈಮುಗಿಯುತ್ತಾರೆ. ಯಾವ ದೇವರೆಂದು ಕೇಳಿದರೆ ನನ್ನ ಹೆಂಡತಿ, "ಬೆನ್ನುನೋವಿನ ದೇವರು" ಎನ್ನುತ್ತಾಳೆ.

ಕಳೆದ ವರ್ಷ ಟೂರಿಸ್ಟ್ ಬಸ್ಸಿನ ಡ್ರೈವರ್ ಒಬ್ಬರು ಖಡಾಖಂಡಿತವಾಗಿ ಹೇಳಿದರು: "ಬಸ್ ತಿರುಗಿಸ್ಲಿಕ್ಕೆ ಜಾಗ ಎಲ್ಲುಂಟು ಮಾರಾಯ್ರೆ? ಆ ಕಲ್ಲು ತೆಗೀರಿ, ವಾರ ವಾರ ಬರ್ತೇನೆ. ಇಲ್ಲದಿದ್ರೆ ಮುಂದಿನ ಹೋಟೆಲು."

ಬಸ್ಸು ನಿಲ್ಲದಿದ್ದರೆ ಹೋಟೆಲು ಮುಚ್ಚಬೇಕು. ಮನಸ್ಸಿಲ್ಲದ ಮನಸ್ಸಿನಿಂದ ಜೆಸಿಬಿಗೆ ಹೇಳಿದೆ.

ಜೆಸಿಬಿ ಬಂದು ನಿಂತ ಹೊತ್ತಿಗೆ ಸರಿಯಾಗಿ, ಕುಮಾರಪರ್ವತ ಹತ್ತಿ ಇಳಿದ ಹುಡುಗಿಯೊಬ್ಬಳು ಚಾ ಕುಡಿಯಲು ಬಂದಳು. ಬೆನ್ನ ಮೇಲೆ ಅವಳಷ್ಟೇ ದೊಡ್ಡ ಬ್ಯಾಗು. ಸೀದಾ ಕಲ್ಲಿನ ಹತ್ತಿರ ಹೋಗಿ ತೋಳು ಬಿಡಿಸಿಕೊಂಡಳು, ಬ್ಯಾಗನ್ನು ಎತ್ತಿ ಚಪ್ಪಡಿಯ ಮೇಲೆ ಕೂರಿಸಿದಳು, "ಅಬ್ಬಾ!" ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ.

"ಅಂಕಲ್, ಬ್ಯಾಗ್ ಇಡೋಕೆ ಅಂತಾನೇ ಮಾಡ್ಸಿದೀರಾ ಇದನ್ನ? ಸೂಪರ್!"

ನನಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಜೆಸಿಬಿಯವನು ಕೂಗಿದ, "ತೆಗೆಯುದಾ, ಬೇಡ್ವಾ?"

ಹೆಂಡತಿ ಕಾಂಪೌಂಡ್ ಗೋಡೆಯ ಕಡೆ ನೋಡಿದಳು. ನನ್ನ ದುಡಿಮೆಯಲ್ಲಿ, ನಾನೇ ಸಿಮೆಂಟು ಕಲಸಿ ಕಟ್ಟಿದ ಗೋಡೆ. ಗೇಟಿನ ಆಚೀಚೆ ಬಂಗಾರದ ಬಣ್ಣ ಬಳಿದ ಎರಡು ಸಿಂಹ. ಅಂಥವು ಕಡಬ ಪೇಟೆಯಲ್ಲೇ ಇಲ್ಲ!

"ಜಾಗ ತಿನ್ನುದು ಎಂತ, ಆ ಕಲ್ಲಾ? ನಿಮ್ಮ ಸಿಂಹ ಅಲ್ವಾ?" ಎಂದಳು.

ಗೇಟಿನವರೆಗೆ ಹೋಗಿ ಎರಡೂ ಸಿಂಹಗಳ ತಲೆ ಸವರಿದೆ. ಕೊನೆಗೆ, "ಗೋಡೆ ತೆಗಿ ಮಾರಾಯ. ಸಿಂಹ ಮಾತ್ರ ಜಾಗ್ರತೆ" ಎಂದೆ.

ಈಗ ಬಸ್ಸು ಸಲೀಸಾಗಿ ತಿರುಗುತ್ತದೆ. ಹೊರೆಕಲ್ಲಿನ ಮೇಲೆ ಬ್ಯಾಗುಗಳು ಒತ್ತಿಕೊಂಡು ಕೂರುತ್ತವೆ. ಸಿಂಹಗಳು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲನ್ನು ಕಾಯುತ್ತಿವೆ. ಮೊನ್ನೆ ಕಾಲು ತೊಳೆಯಲು ಆ ಕಡೆ ಹೋದ ಯಾತ್ರಿಕರು ಅವುಗಳಿಗೂ ಕುಂಕುಮ ಹಚ್ಚಿ ಬಂದಿದ್ದಾರೆ.