ಕುಯ್ಲಿನ ನಡುವೆ ಎಂ.ಎ. ಪರೀಕ್ಷೆ

ಗೆಳೆಯರೇ, ಇವತ್ತು ಬೆಳಿಗ್ಗೆ ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ಹೆಂಗಸರು ಗೆದ್ದರು.

ತೋಟದ ಕೂಲಿ ಗಿರಿಜಮ್ಮನವರ ಮಗಳು ಲಲಿತಾ ಎಂ.ಎ. ಪರೀಕ್ಷೆ ಬರೆಯಲು ಯೂನಿವರ್ಸಿಟಿಗೆ ಹೊರಟಿದ್ದಳು. ಹಾಜರಿ ಹಾಕುವ ರೈಟರ್ ತಡೆದ. "ಎಸ್ಟೇಟು ಕೊಟ್ಟಿರೋ ಲೈನ್ ಮನೇಲಿ ಇರೋರೆಲ್ಲ ಕುಯ್ಲು ಮುಗಿಯೋ ತನಕ ತೋಟಕ್ಕೆ ಬರ್ಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡಿ. ಕಾಫಿ ಹಣ್ಣು ಕುಯ್ಯೋಕೆ ಎಂ.ಎ. ಯಾಕೆ?"

"ಈ ಕುಯ್ಲು ನನ್ನ ತಲೆಗೇ ಮುಗೀಲಿ ಅಂತ್ಲೇ ಓದಿಸ್ತಿರೋದು ಮಾರಾಯ್ರೇ!" ಗಿರಿಜಮ್ಮ ಬುಟ್ಟಿ ಕೆಳಗಿಟ್ಟು ಕೂತೇಬಿಟ್ಟರು. ಹಿಂದೆಯೇ ಉಳಿದ ಹೆಂಗಸರೆಲ್ಲ ಕೂತರು. ಗಿಡದಲ್ಲಿ ಹಣ್ಣು ಕಳಿತು ಉದುರುತ್ತಿತ್ತು. ಅರ್ಧ ಗಂಟೆಯೊಳಗೆ ಸಾಹುಕಾರರ ಜೀಪು ಓಡಿಬಂತು.

"ಬರ್ದು ಬರ್ಲಿ ಬಿಡ್ರೋ! ಮನೆ ಖಾಲಿ ಮಾಡೋದೇನೂ ಬೇಡ," ಎಂದರು ಸಾಹುಕಾರರು.

ಲಲಿತಾ ಬಸ್ಸು ಹತ್ತಿದಳು.

ಯೂನಿವರ್ಸಿಟಿ ಯಾರ ಸ್ವತ್ತು ಎಂದು ನಾವು ವರ್ಷಗಟ್ಟಲೆ ವಿಚಾರ ಸಂಕಿರಣ ನಡೆಸಿದ್ದೇವೆ. ಇವರು ಒಮ್ಮೆ ನೆಲದ ಮೇಲೆ ಕೂತು ತೀರ್ಮಾನಿಸಿದರು. ಅಧ್ಯಕ್ಷರ ಭಾಷಣದ ಕಾಟವೂ ಇರಲಿಲ್ಲ.