ಅಕ್ಕಿ ಗಂಟು ಇಟ್ಟ ಜರ್ಮನ್ ಬಿಸ್ಕತ್ತು

ಕೆಳಗಿನ ಮನೆಯ ಅಜ್ಜಿಗೆ ಮಾತು ಕೊಟ್ಟಾಗಿತ್ತು. ಇನ್ನು ಯಾರು ತಲೆಕೆಳಗಾಗಿ ನಿಂತರೂ ಹಿಂದೆ ಸರಿಯುವವಳಲ್ಲ ನಾನು.

ಎರಡು ಸಾವಿರದ ಇಸವಿಯ ಆಸುಪಾಸು. ಅಮೆರಿಕದ ಡಲ್ಲಾಸ್ ಹತ್ತಿರ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಜ್ಜಿ ಜರ್ಮನಿಯವರು, ಒಂಟಿ. ಪ್ರತಿ ಡಿಸೆಂಬರಿನಲ್ಲಿ ಜೇನುತುಪ್ಪ, ಮಸಾಲೆ ಹಾಕಿ ಲೆಬ್‌ಕೂಖೆನ್ ಎಂಬ ಬಿಸ್ಕತ್ತು ಮಾಡಿ ತಗಡಿನ ಡಬ್ಬಿ ತುಂಬುತ್ತಿದ್ದರು. ಆ ವರ್ಷ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತ್ತು. ತಮ್ಮ ಮದುವೆಯಾದ ಮೇಲೆ ಈ ಡಬ್ಬಿ ಖಾಲಿ ಕೂರುತ್ತಿರುವುದು ಇದೇ ಮೊದಲು ಎಂದರು. ನಾನು ತುಂಬಿಸಿ ತರುತ್ತೇನೆ ಎಂದು ಡಬ್ಬಿ ಎತ್ತಿಕೊಂಡು ಮೇಲೆ ಬಂದೆ.

ಮೈಸೂರಿನಿಂದ ಬಂದಿದ್ದ ಅತ್ತೆ ಅಡುಗೆಮನೆ ಬಾಗಿಲಲ್ಲೇ ತಡೆದರು. "ಅವರ ಹಬ್ಬದ ತಿಂಡಿ ನಮ್ಮನೇಲಿ ಯಾಕೆ? ಮೊಟ್ಟೆಗಿಟ್ಟೆ ಬೇರೆ."

"ಇದಕ್ಕೆ ಮೊಟ್ಟೆ ಹಾಕಲ್ಲ ಅತ್ತೆ. ಹಾಕೋದಾಗಿದ್ರೂ ಮಾಡ್ತಿದ್ದೆ."

ಎರಡು ದಿನ ಅತ್ತೆ ನನ್ನೊಡನೆ ಮಾತು ಬಿಟ್ಟರು. ಬಿಡಲಿ! ಅಜ್ಜಿ ಹೇಳಿಕೊಟ್ಟಂತೆ ನಾನು ಜೇನು ಕಾಯಿಸಿದೆ, ಹಿಟ್ಟು ಕಲಸಿದೆ, ಚಕ್ಕೆ, ಲವಂಗ, ಏಲಕ್ಕಿ, ಧನಿಯ ಹುರಿದು ಕುಟ್ಟಿದೆ. ಧನಿಯದ ವಾಸನೆಗೆ ಅವರ ಮೌನವ್ರತ ಮುರಿಯಿತು. "ಇದೇನು ಬಿಸ್ಕತ್ತೋ, ಸಾರಿನಪುಡಿಯೋ?"

ಓವನ್ನಿನಿಂದ ತೆಗೆದ ಬಿಸ್ಕತ್ತು ಆರಿದ ಮೇಲೆ ಗಟ್ಟಿಯಾಯಿತು. ಅದು ಹಾಗೇ ಆಗಬೇಕಂತೆ. ಡಬ್ಬಿಯಲ್ಲಿ ಸೇಬಿನ ಹೋಳು ಇಟ್ಟು ಮುಚ್ಚು, ಒಂದು ವಾರ ಮುಟ್ಟಬೇಡ, ಹಣ್ಣಿನ ತೇವ ಕುಡಿದು ಮೆತ್ತಗಾಗುತ್ತದೆ ಎಂದಿದ್ದರು ಅಜ್ಜಿ. ಹಾಗೇ ಮಾಡಿದೆ.

ಕ್ರಿಸ್‌ಮಸ್ ಹಿಂದಿನ ದಿನ ಮುಚ್ಚಳ ತೆಗೆದರೆ ಸೇಬು ಇಲ್ಲ. ಅದರ ಜಾಗದಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟು, ಒಳಗೆ ಅಕ್ಕಿ. ಬಿಸ್ಕತ್ತು ಹೆಂಚಿನ ಚೂರಿನಂತೆ ಟಣ್ ಎನ್ನುತ್ತಿತ್ತು.

"ನಾನೇ ಕಣೇ ತೆಗೆದಿದ್ದು" ಎಂದರು ಅತ್ತೆ, ಹೆಮ್ಮೆಯಿಂದ. "ಹಣ್ಣು ಇಟ್ರೆ ಮೆತ್ತಗಾಗಿಬಿಡಲ್ವೇ? ನಮ್ಮ ಕೋಡುಬಳೆ ಡಬ್ಬಕ್ಕೂ ಅಕ್ಕಿ ಗಂಟೇ ಇಡೋದು. ತಿಂಗಳಾದ್ರೂ ಗರಿಗರಿ."

"ಮೆತ್ತಗಾಗಲಿ ಅಂತಾನೇ ಇಟ್ಟಿದ್ದೆ! ಯಾರು ಕೇಳಿದ್ರು ನಿಮ್ಮನ್ನ?"

ಅತ್ತೆಯ ಮುಖ ಸಣ್ಣದಾಯಿತು. "ಕೈಲಾಗದೋರಿಗೆ ಕೊಡೋದು, ಕೆಟ್ಟುಹೋಗ್ಬಾರ್ದು ಅಂತ..." ಎಂದು ಅರ್ಧಕ್ಕೇ ನಿಲ್ಲಿಸಿದರು. ನನಗೆ ನಾಚಿಕೆಯಾಯಿತು, ಆದರೆ ಸಿಟ್ಟು ಇಳಿದಿರಲಿಲ್ಲ.

"ಬೇಡ ಬಿಡು, ಅಂಗಡಿಯಿಂದ ಏನಾದ್ರೂ ತಂದ್ಕೊಡೋಣ" ಎಂದರು ನನ್ನ ಗಂಡ.

"ಕಲ್ಲಾಗಿದ್ರೆ ಕಲ್ಲೇ ಕೊಡ್ತೀನಿ" ಎಂದು ಡಬ್ಬಿ ಹಿಡಿದು ಮೆಟ್ಟಿಲಿಳಿದೆ. ಹಿಂದೆ ಚಪ್ಪಲಿಯ ಸದ್ದು. ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಕಾಫಿ ಫ್ಲಾಸ್ಕ್ ಮತ್ತು ಲೋಟ ಹಿಡಿದು ಅತ್ತೆಯೂ ಬರುತ್ತಿದ್ದರು.

ಅಜ್ಜಿ ಒಂದು ಬಿಸ್ಕತ್ತು ಕಚ್ಚಿದರು. ಕಟ್ಟಿಸಿದ ಹಲ್ಲು, ಆಗಲಿಲ್ಲ. ಮತ್ತೆ ಕಚ್ಚಿದರು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಅತ್ತೆ ಲೋಟಕ್ಕೆ ಕಾಫಿ ಬಗ್ಗಿಸಿ, ಅವರ ಕೈಯಿಂದ ಬಿಸ್ಕತ್ತು ತೆಗೆದುಕೊಂಡು ಅದ್ದಿ, ನೆನೆದ ಮೇಲೆ ಬಾಯಿಗೇ ಹಿಡಿದರು. ಅಜ್ಜಿ ಕಣ್ಣು ಮುಚ್ಚಿ ನಿಧಾನವಾಗಿ ತಿಂದರು. ಇನ್ನೊಂದಕ್ಕೆ ಬಾಯಿ ತೆರೆದರು.

ನನಗೆ ಸಮಾಧಾನವಿಲ್ಲ. ಇದನ್ನು ಕೊಡಿ, ಸೇಬು ಹಾಕಿ ಮೆತ್ತಗೆ ಮಾಡಿಯೇ ತರುತ್ತೇನೆ ಎಂದು ಡಬ್ಬಿಗೆ ಕೈ ಹಾಕಿದೆ. ಅಜ್ಜಿ ಎಡಗೈಯಿಂದ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು. ಜೋಲುತ್ತಿದ್ದ ಬಲಗೈಯನ್ನೂ ಎಡಗೈಯಿಂದಲೇ ಎತ್ತಿ ಅದರ ಮೇಲೆ ಇಟ್ಟುಕೊಂಡರು.

"ನೋ" ಎಂದರು.

ಆ ಒಂದು ಇಂಗ್ಲಿಷ್ ಮಾತು ಅತ್ತೆಗೂ ಗೊತ್ತಿತ್ತು. "ಸರಿಯಾಗೇ ಹೇಳಿದ್ರು. ತುಂಬಿದ ಡಬ್ಬಿ ಯಾರಾದ್ರೂ ವಾಪಸ್ ಕೊಡ್ತಾರೇನೇ?" ಎಂದು ನನ್ನನ್ನೇ ಗದರಿಸಿ, ಮತ್ತೊಂದು ಬಿಸ್ಕತ್ತು ಕಾಫಿಗೆ ಅದ್ದಿದರು.