ಒಣಗ್ತಿದೆ ಕಣೇ

ನನ್ನ ಗಾಯ ಮುಟ್ಟುವ ಮೊದಲು ಅಕ್ಕ ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈವರೆಗೆ ಸರಿಸಿ, ಕೊತ್ತಂಬರಿ ಕಟ್ಟಿಗೆ ಸುತ್ತಿ ಬಂದ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುತ್ತಿದ್ದರು. ಆಮೇಲೆ ಸೋಪು ಹಚ್ಚಿ ಬೆರಳ ಸಂದಿಗಳನ್ನೆಲ್ಲ ತೊಳೆದು, ಒದ್ದೆ ಕೈ ಮೇಲೆತ್ತಿಕೊಂಡೇ ನನ್ನ ಕೋಣೆಗೆ ಬರುತ್ತಿದ್ದರು. “ದೊಡ್ಡ ಡಾಕ್ಟರಮ್ಮ ಬಂದ್ರು, ದಾರಿ ಬಿಡಿ” ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು.

ದಿಲ್ಲಿಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನಲ್ಲಿ ಅವರು ಮೇಲಿನ ಮನೆ ಅಕ್ಕ. ನಾನು ಕನ್ನಡದವಳೆಂದು ಗೊತ್ತಾದ ದಿನವೇ ಸಾರಿನ ಪುಡಿಯ ಡಬ್ಬಿ ಹಿಡಿದು ಇಳಿದು ಬಂದಿದ್ದರು. ಅವರ ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುವಂತಿರಲಿಲ್ಲ, “ಹೆಚ್ಚಿದೆ” ಎನ್ನಬೇಕು. ಅಸ್ತು ಎನ್ನುವ ದೇವತೆಗಳು ಮನೆಯೊಳಗೇ ಓಡಾಡುತ್ತಿರುತ್ತಾರಂತೆ, ಕೆಟ್ಟದ್ದು ಬಾಯಿಂದ ಬಿದ್ದರೆ ಹಾಗೇ ಆಗಿಬಿಡುತ್ತದಂತೆ. ಆಗ ನನಗೆ ನಗು ಬರುತ್ತಿತ್ತು.

ನನ್ನ ಎಡ ಸ್ತನದ ಆಪರೇಷನ್ ಆದಾಗ ನಮ್ಮವರಿಗೆ ಗುವಾಹಟಿಗೆ ವರ್ಗವಾಗಿತ್ತು. ಬಂದರು, ರಜೆ ಮುಗಿಯಿತು, ಹೋದರು. ಶುಗರ್ ಇರುವ ಮೈ, ಹೊಲಿಗೆ ಬೇಗ ಕೂಡುವುದಿಲ್ಲ ಎಂದು ಸರ್ಜನ್ ಮೊದಲೇ ಹೇಳಿದ್ದರು. ಗಾಯ ಪೂರ್ತಿ ಒಣಗಿದ ಮೇಲೇ ರೇಡಿಯೇಷನ್. ಅದು ತೀರಾ ತಡವಾಗಬಾರದು. ನೀರು ಒಸರಿದರೆ, ಅಂಚು ಬಿಟ್ಟುಕೊಂಡರೆ ಕೂಡಲೇ ಬರಬೇಕೆಂದು ಅಕ್ಕನ ಎದುರಿಗೇ ಎಚ್ಚರಿಸಿದ್ದರು.

ನನಗೋ ಆ ಜಾಗ ನೋಡಿಕೊಳ್ಳುವ ಧೈರ್ಯವೇ ಇರಲಿಲ್ಲ. ಡ್ರೆಸ್ಸಿಂಗ್ ಮಾಡುವಷ್ಟು ಹೊತ್ತೂ ಗೋಡೆ ಕಡೆ ಮುಖ ತಿರುಗಿಸಿರುತ್ತಿದ್ದೆ. “ನನ್ನ ಕಣ್ಣು ನೀವೇ ಅಕ್ಕಾ. ಇದ್ದದ್ದು ಇದ್ದ ಹಾಗೆ ಹೇಳ್ಬೇಕು” ಎಂದು ಅವರಿಂದ ಮಾತು ತೆಗೆದುಕೊಂಡಿದ್ದೆ.

“ಹೇಳದೆ ಏನು ಮುಚ್ಚಿಡ್ತೀನಾ? ಒಣಗ್ತಿದೆ ಕಣೇ.”

ದಿನಾ ಅದೇ ಮಾತು. ಏನೋ ವಾಸನೆ ಎಂದರೆ “ಆಯಿಂಟ್‌ಮೆಂಟ್ ವಾಸನೆ” ಎಂದರು. ಮೈ ಬಿಸಿ ಎಂದರೆ “ದಿಲ್ಲಿ ಜೂನ್ ಕಣೇ, ಗೋಡೆಗೂ ಜ್ವರ ಬಂದಿದೆ” ಎಂದರು. ಬೆಳಿಗ್ಗೆ ಸಂಜೆ ಸಾಂಬ್ರಾಣಿ ಹಾಕತೊಡಗಿದರು, ಮನೆಗೆ ಒಳ್ಳೆಯದಂತೆ. ಎಷ್ಟು ಪ್ರೀತಿ ಈ ಹೆಂಗಸಿಗೆ ಎಂದು ನಾನು ಹೊಗೆಯಲ್ಲಿ ಕಣ್ಣು ಒರೆಸಿಕೊಂಡೆ.

ಗೊತ್ತುಪಡಿಸಿದ ದಿನ ಆಸ್ಪತ್ರೆಯಲ್ಲಿ ಸರ್ಜನ್ ಬ್ಯಾಂಡೇಜ್ ಬಿಚ್ಚಿ ದೀಪ ಹತ್ತಿರ ಎಳೆದುಕೊಂಡರು. ನಾನು ಮೊದಲ ಸಲ ತಲೆ ಬಗ್ಗಿಸಿ ನೋಡಿದೆ. ಹೊಲಿಗೆಯ ಒಂದು ಕೊನೆ ಬಾಯಿ ತೆರೆದುಕೊಂಡು ಕೀವು ತುಂಬಿತ್ತು.

“ಯೇ ಕಬ್ ಸೇ ಹೈ?”

ಯಾವಾಗಿನಿಂದ ಹೀಗಿದೆ ಎಂದು ಅವರು ಕೇಳಿದ್ದು ಅಕ್ಕನನ್ನು. ತರಕಾರಿ ಭಯ್ಯಾನ ಜತೆ ಹಿಂದಿಯಲ್ಲಿ ಜಗಳಕ್ಕೇ ನಿಲ್ಲುತ್ತಿದ್ದ ಅಕ್ಕ ನೆಲ ನೋಡುತ್ತಾ ಕನ್ನಡದಲ್ಲಿ ನನಗೆ ಹೇಳಿದರು: “ಒಂದು ವಾರದ ಮೇಲಾಯ್ತು ಕಣೇ.”

ಹೊಲಿಗೆ ಬಿಚ್ಚಿ, ಒಳಗೆಲ್ಲ ಸ್ವಚ್ಛ ಮಾಡಿ, ಗಾಯವನ್ನು ತೆರೆದೇ ಬಿಟ್ಟರು. ಒಳಗಿನಿಂದ ತಾನಾಗಿ ತುಂಬಿ ಬರಬೇಕಂತೆ. ರೇಡಿಯೇಷನ್ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಆ ರೋಗ ಮತ್ತೆಲ್ಲಿ ತಲೆಯೆತ್ತುತ್ತದೋ ಎಂದು ಹೆದರಿ ಹೆದರಿ ಸತ್ತೆ.

“ಹೇಳಿದ್ರೆ ನೀನು ಹೆದರ್ತಿದ್ದೆ” ಎಂದರು ಅಕ್ಕ, ಮನೆಗೆ ಬಂದ ಮೇಲೆ ಡ್ರೆಸ್ಸಿಂಗಿಗೆಂದು ಬಳೆ ಬಿಗಿಯುತ್ತಾ. “ಬಾಯಿಬಿಟ್ಟು ಅಂದುಬಿಟ್ರೆ ಎಲ್ಲಿ ಇನ್ನೂ ಹೆಚ್ಚಾಗತ್ತೋ ಅಂತ...”

“ಹೆದರಿದ್ರೆ ಹೆದರ್ತಿದ್ದೆ ಅಕ್ಕಾ! ಹೆದರಿ ಆಸ್ಪತ್ರೆಗೆ ಓಡ್ತಿದ್ದೆ! ಇನ್ನು ನನ್ನ ಮೈ ಮುಟ್ಟಬೇಡಿ.”

ಅವರು ರಬ್ಬರ್ ಬ್ಯಾಂಡ್ ಬಿಚ್ಚಿ ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿ ಹೋದರು.

ಆಮೇಲೆ ಕನ್ನಡಿ ಮುಂದೆ ಕೂತು ನಾನೇ ಡ್ರೆಸ್ಸಿಂಗ್ ಮಾಡಿಕೊಂಡೆ. ಬಳೆ ಸರಿಸಿ ಬಿಗಿಯುವುದು, ಬೆರಳ ಸಂದಿ ತೊಳೆಯುವುದು, ಹಳೆಯ ಪಟ್ಟಿಯನ್ನು ನೋವಾಗದ ಹಾಗೆ ನೆನೆಸಿ ಬಿಡಿಸುವುದು, ಎಲ್ಲ ಅವರದೇ ಕ್ರಮ. ನನಗೆ ಬೇರೆ ಕ್ರಮ ಗೊತ್ತಿರಲಿಲ್ಲ. ಅದಕ್ಕೂ ಸಿಟ್ಟು ಬರುತ್ತಿತ್ತು. ಚಳಿ ಬೀಳುವ ಹೊತ್ತಿಗೆ ಗಾಯ ಕೂಡಿತು, ರೇಡಿಯೇಷನ್ನೂ ಆಯಿತು. ಬಾಗಿಲ ಬಳಿ ಆಗಾಗ ಮೆಣಸಿನ ಸಾರಿನ ಡಬ್ಬಿ ಇರುತ್ತಿತ್ತು. ಕುಡಿದು, ಡಬ್ಬಿ ತೊಳೆದು, ಮಾತಿಲ್ಲದೆ ಅವರ ಬಾಗಿಲಲ್ಲಿಟ್ಟು ಬರುತ್ತಿದ್ದೆ.

ಅವರ ಯಜಮಾನರು ರಿಟೈರ್ ಆಗಿ ಇಬ್ಬರೂ ನೋಯ್ಡಾದ ಫ್ಲ್ಯಾಟಿಗೆ ಹೋದರು. ಹಬ್ಬಕ್ಕೊಮ್ಮೆ ಫೋನ್, ಅಷ್ಟೇ. ಈ ಯುಗಾದಿಗೆ ಅವರ ದನಿ ಸಣ್ಣಗಾಗಿತ್ತು.

“ಹೇಗಿದೀರಿ? ನಿಜ ಹೇಳಿ.”

“ಗುಂಡುಕಲ್ಲಿನ ಹಾಗಿದೀನಿ ಕಣೇ. ಬಿಸಿಲು ಇಳೀಲಿ, ನಿಧಾನಕ್ಕೆ ಬಾ.”

ನಾನು ನಂಬಿದೆ. ಎರಡನೆಯ ಸಲವೂ ನಂಬಿದೆ.

ಬಿಸಿಲು ಇಳಿಯುವ ಮೊದಲೇ ಅವರ ಯಜಮಾನರ ಫೋನ್ ಬಂತು. ಮೆಟ್ರೋ ಹಿಡಿದು ಹೋದೆ. “ಸಂಕ್ರಾಂತಿಯಿಂದ ಹಾಸಿಗೆ ಬಿಟ್ಟು ಎದ್ದೇ ಇರಲಿಲ್ಲಮ್ಮ. ನಿನಗೆ ಮಾತ್ರ ಹೇಳಕೂಡದು ಅಂದಿದ್ದಳು” ಎಂದರು. ಅಕ್ಕನನ್ನು ನಡುಮನೆಯಲ್ಲಿ, ತಲೆಯ ಬಳಿ ದೀಪ ಹಚ್ಚಿಟ್ಟು ಮಲಗಿಸಿದ್ದರು. ಕೈ ಎಷ್ಟು ಸೊರಗಿತ್ತೆಂದರೆ ಹಸಿರು ಬಳೆಗಳು ರಬ್ಬರ್ ಬ್ಯಾಂಡ್ ಇಲ್ಲದೆಯೇ ಮೊಣಕೈವರೆಗೆ ಸರಿದು ನಿಂತಿದ್ದವು.

ನೆರೆದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿಬಿಟ್ಟೆ: “ಇದನ್ನೂ ಹೇಳ್ಲಿಲ್ವಲ್ಲ ಅಕ್ಕಾ!”